ಗೌರಿಗಿಲ್ಲದ ರಜೆ ಗಣೇಶನಿಗೆ ಯಾಕೆ?

ಪ್ರಶ್ನೆ: ನಮಸ್ತೆ ಸರ್. ನಾನು ಬೆಂಗಳೂರಲ್ಲಿ ಒಂದು ಸಣ್ಣ ಕಂಪನಿಲಿ ಎಚ್‌ಆರ್ ಕೆಲಸ ಮಾಡ್ತೀನಿ, ಸುಮಾರು 140 ಜನ ಇದ್ದಾರೆ. ಪ್ರತಿ ಡಿಸೆಂಬರಲ್ಲಿ ಮುಂದಿನ ವರ್ಷದ ಹಾಲಿಡೇ ಲಿಸ್ಟ್ ನಾನೇ ಮಾಡ್ಬೇಕು, ಪ್ರತಿ ಸಲ ಜಗಳ. ನಾರ್ತ್ ಕಡೆಯೋರಿಗೆ ಹೋಳಿ ಬೇಕು, ನಮ್ಮ ಹೆಂಗಸರಿಗೆ ವರಮಹಾಲಕ್ಷ್ಮಿ ಬೇಕು, ಮಲಯಾಳಿಗಳಿಗೆ ಓಣಂ, ಒಬ್ಬರು ಬಕ್ರೀದ್ ಯಾಕಿಲ್ಲ ಅಂತ ಮೇಲ್ ಹಾಕಿದ್ರು. ದಿಲ್ಲಿಲಿರೋ ಹೆಡ್ ಆಫೀಸಿನೋರು ನಮ್ಮ ಸರ್ಕಾರಿ ಲಿಸ್ಟ್ ನೋಡಿ "ಅಮಾವಾಸ್ಯೆಗೂ ರಜೆನಾ" ಅಂತ ನಗ್ತಾರೆ. ರಜೆ ಪಟ್ಟಿ ದೇಶದ ಸಂಸ್ಕೃತಿಗೆ ಹಿಡಿದ ಕನ್ನಡಿ ಅಂತ ಎಲ್ಲೋ ಓದಿದ್ದೆ. ನಿಜವಾಗ್ಲೂ ಹಾಗಾ, ಇಲ್ಲ ಬರೀ ವೋಟಿನ ಲೆಕ್ಕಾಚಾರನಾ? ಹತ್ತು ರಜೆಲಿ ನಾನು ಎಲ್ಲರನ್ನೂ ಹೇಗೆ ಸಮಾಧಾನ ಮಾಡ್ಲಿ?

ಉತ್ತರ: ಎಲ್ಲರನ್ನೂ ಸಮಾಧಾನ ಮಾಡಕ್ಕಾಗಲ್ಲ ಮೇಡಂ, ಅದನ್ನ ಮೊದ್ಲೇ ಹೇಳಿಬಿಡ್ತೀನಿ, ಆಮೇಲೆ ಬೈಕೋಬೇಡಿ. ನಾನು ಸರ್ಕಾರಿ ಆಫೀಸಿನ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಲ್ಲಿ ಸಿಎಲ್ಲು (ಸಾಂದರ್ಭಿಕ ರಜೆ), ಇಎಲ್ಲು (ಗಳಿಕೆ ರಜೆ), ಆರ್‌ಎಚ್ಚು (ಪರಿಮಿತ ರಜೆ) ಅಂತ ರಿಜಿಸ್ಟರ್ ತಿರುವಿಕೊಂಡೇ ತಲೆ ಬೆಳ್ಳಗೆ ಮಾಡ್ಕೊಂಡವನು, ರಿಟೈರ್ ಆದ್ಮೇಲೆ ನಿಮ್ಮಂಥ ಕಂಪನಿಗಳಿಗೆ ಇದೇ ವಿಷಯದಲ್ಲಿ ಸಲಹೆ ಕೊಡ್ತಾ ಇದೀನಿ, ಹಾಗಾಗಿ ಈ ಜಗಳನ ಟೇಬಲ್ಲಿನ ಎರಡೂ ಕಡೆಯಿಂದ ನೋಡಿದೀನಿ.

ಕನ್ನಡಿ ಅನ್ನೋ ಮಾತು ನಂಗೆ ಅಷ್ಟಾಗಿ ಹಿಡಿಸಲ್ಲ. ಕನ್ನಡಿ ಎದುರಿಗೆ ಬಂದೋರನ್ನೆಲ್ಲ ತೋರಿಸತ್ತೆ, ಅದಕ್ಕೆ ಅರ್ಜಿ ಹಾಕೋ ಅಗತ್ಯ ಇಲ್ಲ. ರಜೆ ಪಟ್ಟಿ ಪಹಣಿ ಇದ್ದ ಹಾಗೆ. ಯಾರ ಹೆಸರು ಯಾವಾಗ ಏರಿತು, ಯಾರು ತಾಲ್ಲೂಕು ಆಫೀಸಿಗೆ ಓಡಾಡಿ ಏರಿಸ್ಕೊಂಡ್ರು, ಯಾರು ತಲೆಮಾರಿನಿಂದ ಉಳುಮೆ ಮಾಡ್ತಿದ್ರೂ ಕಾಲಂನಲ್ಲಿ ಹೆಸರಿಲ್ಲ, ಇದೆಲ್ಲ ಓದೋಕೆ ಬರೋರಿಗೆ ಅದರಲ್ಲಿ ಕಾಣತ್ತೆ. ವೋಟಿನ ಲೆಕ್ಕ ಇಲ್ವಾ ಅಂದ್ರೆ ಇದೆ. ಆದ್ರೆ ಬರೀ ಅದೇ ಅಂದ್ರೆ ಪಟ್ಟಿನ ಪೂರ್ತಿ ಓದಿಲ್ಲ ಅಂತ ಅರ್ಥ. ಮೇನ್ ಲಿಸ್ಟನ್ನ ಎಲ್ರೂ ಓದ್ತಾರೆ, ಕೆಳಗೆ ಸಣ್ಣಕ್ಷರದಲ್ಲಿರೋ ಟಿಪ್ಪಣಿನ ಓದೋರು ಕಮ್ಮಿ, ನನ್ನ ಕೇಳಿದ್ರೆ ವೈವಿಧ್ಯ ಇರೋದೆಲ್ಲ ಅಲ್ಲೇ.

ಮೊದ್ಲು ಒಂದು ತಮಾಷೆ. ಸಾರ್ವಜನಿಕ ರಜೆ ಅನ್ನೋದಕ್ಕೆ ನಮ್ಮಲ್ಲಿ ಸರ್ಕಾರಗಳು ಇವತ್ತಿಗೂ ಹಿಡ್ಕೊಳ್ಳೋ ಕಾನೂನು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್, ಅದೇ ಚೆಕ್ ಬೌನ್ಸ್ ಕೇಸ್ ಹಾಕ್ತಾರಲ್ಲ ಅದೇ ಕಾಯ್ದೆ. ಅದರ 25ನೇ ಸೆಕ್ಷನ್ನಲ್ಲಿ ಹುಂಡಿಯೋ ಪ್ರಾಮಿಸರಿ ನೋಟೋ ವಾಯಿದೆ ಮುಗಿಯೋ ದಿನ ರಜೆ ಬಿದ್ರೆ ಅದರ ಹಿಂದಿನ ಕೆಲಸದ ದಿನಾನೇ ವಾಯಿದೆ ಅಂತ ಲೆಕ್ಕ ಅಂತಿದೆ, ಹಾಗಾದ್ರೆ ರಜೆ ಅಂದ್ರೆ ಯಾವ್ದು ಅಂತ ಹೇಳ್ಬೇಕಲ್ಲ, ಅದಕ್ಕೆ ಭಾನುವಾರ ಮತ್ತು ಸರ್ಕಾರ ಗೆಜೆಟ್‌ನಲ್ಲಿ ಸಾರಿದ ಬೇರೆ ದಿನ ಅಂತ ಒಂದು ವಿವರಣೆ. ಅಷ್ಟೇ. ಸಂಸ್ಕೃತಿ, ವೈವಿಧ್ಯ, ಏಕತೆ ಒಂದು ಪದನೂ ಇಲ್ಲ. ಸಾಲದ ಕಾಗದಕ್ಕೆ ಬೇಕಾಗಿ ಹುಟ್ಟಿದ ವ್ಯಾಖ್ಯೆ ಮೇಲೆ ನಾವು ಹಬ್ಬಗಳ ತೇರು ಕಟ್ಟಿದೀವಿ.

ಈಗ ದಿಲ್ಲಿ ಲಿಸ್ಟ್. ಕೇಂದ್ರ ಸರ್ಕಾರಿ ಆಫೀಸುಗಳಿಗೆ ವರ್ಷಕ್ಕೆ 17 ರಜೆ. ಅದರಲ್ಲಿ 14 ಇಡೀ ದೇಶಕ್ಕೆ ಕಡ್ಡಾಯ: ಮೂರು ರಾಷ್ಟ್ರೀಯ ದಿನ, ಆಮೇಲೆ ದಸರಾ, ದೀಪಾವಳಿ, ಎರಡು ಈದ್, ಮೊಹರಂ, ಪ್ರವಾದಿ ಜನ್ಮದಿನ, ಗುಡ್ ಫ್ರೈಡೇ, ಕ್ರಿಸ್ಮಸ್, ಬುದ್ಧ ಪೂರ್ಣಿಮೆ, ಮಹಾವೀರ ಜಯಂತಿ, ಗುರುನಾನಕ್ ಜಯಂತಿ. ಎಣಿಸಿ ನೋಡಿ, ಹಿಂದೂ ಹಬ್ಬ ಅಂತ ಎರಡೇ. ಇದನ್ನ ನೋಡಿ ಕೆಲವರಿಗೆ ಬಿಪಿ ಏರತ್ತೆ, ಆದ್ರೆ ಕಾರಣ ಬೇರೆ ಇದೆ. ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಒಂದೇ ದಿನ, ಒಂದೇ ತೂಕದಲ್ಲಿ ಮಾಡೋ ಹಿಂದೂ ಹಬ್ಬ ಹುಡುಕಿದ್ರೆ ಸಿಗೋದೇ ಕಷ್ಟ. ಅದಕ್ಕೇ ಉಳಿದ 3 ರಜೆನ ಆಯಾ ರಾಜ್ಯದಲ್ಲಿರೋ ಕೇಂದ್ರ ನೌಕರರ ಸಮನ್ವಯ ಸಮಿತಿ 12ರ ಒಂದು ಲಿಸ್ಟಿಂದ ಆರಿಸ್ಕೋಬೇಕು. ಹೋಳಿ, ಶಿವರಾತ್ರಿ, ಗಣೇಶ ಚತುರ್ಥಿ, ಸಂಕ್ರಾಂತಿ, ಓಣಂ, ಪೊಂಗಲ್, ಪುರಿಯ ರಥಯಾತ್ರೆ ಎಲ್ಲ ಅಲ್ಲಿರೋದು.

ಆ 12ನೇ ಐಟಂ ಇದ್ಯಲ್ಲ, ಅದನ್ನೊಂದು ಸಲ ನೋಡ್ಬೇಕು ನೀವು. ವಿಷು, ವೈಶಾಖಿ, ಬಿಹು, ಯುಗಾದಿ, ಚೇಟಿ ಚಂದ್, ಗುಡಿ ಪಾಡ್ವಾ, ನವರೋಜ್, ಛಠ್ ಪೂಜೆ, ಕರ್ವಾ ಚೌತ್, ಎಲ್ಲಾನೂ ಒಂದೇ ನಂಬರ್ ಕೆಳಗೆ ಮಧ್ಯೆ ಮಧ್ಯೆ ಓರೆ ಗೆರೆ ಹಾಕಿ ತುಂಬಿಸಿದಾರೆ. ನಮ್ಮ ಯುಗಾದಿ, ಬೇವು ಬೆಲ್ಲ, ಹೋಳಿಗೆ, ಹೊಸತೊಡಕು ಎಲ್ಲ ಸೇರಿ ದಿಲ್ಲಿ ಲೆಕ್ಕದಲ್ಲಿ ಎರಡು ಓರೆ ಗೆರೆ ನಡುವಿನ ಒಂದು ಪದ. ಸಿಟ್ಟು ಬರತ್ತೆ ಒಂದು ಕ್ಷಣ, ಆಮೇಲೆ ನಗು ಬರತ್ತೆ, ಯಾಕಂದ್ರೆ ಹಳ್ಳಿ ಬಸ್ಸಿನ ಕೊನೇ ಸೀಟಿನ ಹಾಗೆ ಯಾರೂ ಕೆಳಗಿಳಿಯದ ಹಾಗೆ ಒತ್ತಿಕೊಂಡು ಕೂತಿದಾರೆ.

ನಮ್ಮ ರಾಜ್ಯದ ಲಿಸ್ಟ್‌ಗೆ ಬನ್ನಿ. ನಿಮ್ಮ ಹೆಡ್ ಆಫೀಸಿನೋರು ನಗೋ ಅಮಾವಾಸ್ಯೆ ಮಹಾಲಯ ಅಮಾವಾಸ್ಯೆ. ಅವರಿಗೆ ಹೇಳಿ, ಅದು ಹಿರಿಯರ ಹಬ್ಬ. ಹಳೇ ಮೈಸೂರು ಕಡೆ ಹಳ್ಳಿಗಳಲ್ಲಿ ಪಿತೃಪಕ್ಷ ಅಂದ್ರೆ ದೊಡ್ಡ ಹಬ್ಬನೇ, ತೀರಿಕೊಂಡ ಅಪ್ಪ ಅಜ್ಜಂದಿರ ಫೋಟೋ ಒರೆಸಿ ಹೂ ಹಾಕಿ, ಹೊಸ ಪಂಚೆ ಸೀರೆ ಮಡಚಿಟ್ಟು, ಎಡೆ ಇಡ್ತಾರೆ. ಎಡೆಲಿ ಅವರಿಗೆ ಏನು ಇಷ್ಟ ಇತ್ತೋ ಅದು. ನಮ್ಮ ದೊಡ್ಡಪ್ಪನ ಎಡೆಗೆ ಮಟನ್ ಸಾರು, ಮುದ್ದೆ, ಒಂದು ಕಟ್ಟು ಬೀಡಿ, ಪಕ್ಕದಲ್ಲಿ ಒಂದು ಕ್ವಾರ್ಟರ್ ಬಾಟ್ಲಿ ಇರ್ಲೇಬೇಕು, ಬೀಡಿ ಬ್ರ್ಯಾಂಡ್ ತಪ್ಪಿದ್ರೆ ದೊಡ್ಡಮ್ಮ ವಾಪಸ್ ಅಂಗಡಿಗೆ ಕಳಿಸ್ತಿದ್ರು. ಎಡೆ ಇಟ್ಟು ಬಾಗಿಲು ಮುಚ್ಚಿ ಎಲ್ರೂ ಆಚೆ ಬಂದು ಕೂರೋದು, ಹಿರಿಯರು ಬಂದು ಉಂಡು ಹೋಗ್ಲಿ ಅಂತ. ಅದೇ ದಿನ ಅದೇ ಊರಿನ ಬ್ರಾಹ್ಮಣರ ಮನೇಲಿ ಎಳ್ಳು ನೀರು, ದರ್ಭೆ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ. ಒಂದೇ ರಜೆ, ಒಂದೇ ಬೀದಿ. ಹ್ಯಾಪಿ ಮಹಾಲಯ ಅಂತ ನಮ್ಮಲ್ಲಿ ಯಾರೂ ವಾಟ್ಸಾಪ್ ಕಳ್ಸಲ್ಲ ಅದಕ್ಕೇ ದಿಲ್ಲಿಯವರಿಗೆ ಗೊತ್ತಿಲ್ಲ.

ದೀಪಾವಳಿನೂ ಹಾಗೇ. ನಿಮ್ಮ ದಿಲ್ಲಿಯವರ ದೀವಾಲಿ ಒಂದು ರಾತ್ರಿಯ ಲಕ್ಷ್ಮೀಪೂಜೆ. ನಮ್ಮ ಸರ್ಕಾರಿ ಲಿಸ್ಟಲ್ಲಿ ದೀಪಾವಳಿ ಅಂದ್ರೆ ನರಕ ಚತುರ್ದಶಿ, ಆಮೇಲೆ ಬಲಿಪಾಡ್ಯಮಿ. ನಡುವೆ ಬರೋ ಅಮಾವಾಸ್ಯೆಗೆ ರಜೆ ಇಲ್ಲ. 2025ರಲ್ಲಿ ಅಕ್ಟೋಬರ್ 20 ರಜೆ, 22 ರಜೆ, 21 ಮಂಗಳವಾರ ಆಫೀಸು. ಆ ಮಂಗಳವಾರ ಆಫೀಸುಗಳ ಪರಿಸ್ಥಿತಿ ಹೇಗಿತ್ತು ಅಂತ ನಾನು ಹೇಳಲ್ಲ, ನೀವೇ ಊಹಿಸಿ. ಆದ್ರೆ ಯಾಕೆ ಹಾಗೆ ಅಂದ್ರೆ ನಮ್ಮಲ್ಲಿ ಬೆಳಗಿನ ಜಾವದ ಎಣ್ಣೆ ಸ್ನಾನ ಒಂದು ಹಬ್ಬ, ಬಲೀಂದ್ರನ್ನ ಕರೆಯೋದು ಇನ್ನೊಂದು ಹಬ್ಬ. ತುಳುನಾಡಲ್ಲಿ ಗದ್ದೆಗೆ ದೀಪ ಇಟ್ಟು ಕೂ ಹಾಕಿ ಬಲೀಂದ್ರನ್ನ ಕರೀತಾರೆ, ಮಲೆನಾಡಲ್ಲಿ ಅಂಟಿಕೆ ಪಂಟಿಕೆಯೋರು ರಾತ್ರಿ ಪೂರ್ತಿ ದೀಪ ಹಿಡ್ಕೊಂಡು ಮನೆ ಮನೆಗೆ ಹಾಡ್ಕೊಂಡು ಬರ್ತಾರೆ, ಉತ್ತರ ಕರ್ನಾಟಕದಲ್ಲಿ ಸೆಗಣಿಯ ಪಾಂಡವರನ್ನ ಮಾಡಿ ಬಾಗಿಲಿಗೆ ಕೂರಿಸ್ತಾರೆ. ವಿಷ್ಣು ತುಳಿದ ರಾಜನಿಗೆ ವಿಷ್ಣುವನ್ನ ಪೂಜೆ ಮಾಡೋ ಜನಾನೇ ವರ್ಷಕ್ಕೊಂದು ರಜೆ ಹಾಕಿ ಬಾ ಅಂತ ಕರೆಯೋದು, ಇದು ಸರ್ಕಾರ ಯೋಚನೆ ಮಾಡಿ ಮಾಡಿದ್ದಲ್ಲ, ಆದ್ರೆ ಲಿಸ್ಟಲ್ಲಿ ಕೂತಿದೆ.

ಆಯುಧ ಪೂಜೆ ಬಗ್ಗೆ ಒಂದೇ ಮಾತು. ರಜೆ ಕೊಟ್ಟಿರೋದ್ರಿಂದ ಪೂಜೆನ ಹಿಂದಿನ ದಿನಾನೇ ಆಫೀಸ್ ಟೈಮಲ್ಲಿ ಮಾಡಿ ಮುಗಿಸ್ತೀವಿ, ಕಂಪ್ಯೂಟರಿಗೆ ಕುಂಕುಮ, ಜೀಪಿಗೆ ಬೂದುಗುಂಬಳ, ಎಲ್ರಿಗೂ ಕಡ್ಲೆಪುರಿ ಪೊಟ್ಟಣ. ಅಲ್ಲಿಗೆ ಒಂದು ರಜೆ ಒಂದೂವರೆ ಆಯ್ತು.

ಈಗ ಬಕ್ರೀದ್ ಕೇಳಿದೋರ ವಿಷಯಕ್ಕೆ ಬರೋ ಮುಂಚೆ ನಮ್ಮ ಲಿಸ್ಟಲ್ಲಿರೋ ಹೆಸರುಗಳನ್ನ ನೋಡಿ. "ಖುತುಬ್-ಎ-ರಂಜಾನ್" ಅಂತಿದೆ, ಈದ್-ಉಲ್-ಫಿತರ್ ಅಂತ ಅಲ್ಲ. "ಮೊಹರಂ ಕಡೇ ದಿನ" ಅಂತಿದೆ. ಮೊಹರಂ ತಿಂಗಳ ಕಡೇ ದಿನ ಅದಲ್ಲ, ಹತ್ತನೇ ದಿನ. ಹಾಗಾದ್ರೆ ಕಡೇ ದಿನ ಅಂತ ಯಾಕಂದ್ರು? ಇದು ಹೇಗೆ ಬಂತು ಅಂತ ಯಾವ ಫೈಲಲ್ಲೂ ನಾನು ನೋಡಿಲ್ಲ, ಆದ್ರೆ ರಾಯಚೂರು, ಕೊಪ್ಪಳ, ವಿಜಯಪುರ ಕಡೆಯೋರಿಗೆ ಇದನ್ನ ವಿವರಿಸೋ ಅಗತ್ಯನೇ ಬೀಳಲ್ಲ. ಅಲ್ಲಿ ಮೊಹರಂ ಅಂದ್ರೆ ಹತ್ತು ದಿನದ ಹಬ್ಬ, ಅಲಾಯಿ ದೇವರು ಅಂತ ಪಂಜಾಗಳನ್ನ ಕೂಡಿಸ್ತಾರೆ, ಕುಣಿ ತೋಡಿ ಬೆಂಕಿ ಹಾಕ್ತಾರೆ, ಹೆಜ್ಜೆ ಕುಣಿತ, ರಿವಾಯತ್ ಪದ ಅನ್ನೋ ಮೊಹರಂ ಹಾಡು, ಹುಲಿ ವೇಷ, ಹರಕೆ ಹೊತ್ತ ಮಕ್ಕಳು ಫಕೀರರಾಗ್ತಾರೆ, ಚೊಂಗೆ ಅನ್ನೋ ಸಿಹಿ ಮಾಡ್ತಾರೆ, ಹತ್ತನೇ ದಿನ ದೇವರು ಹೊಳೆಗೆ ಹೋಗ್ತವೆ. ಅದು ಕಡೇ ದಿನ.

ನಮ್ಮ ಸೆಕ್ಷನ್ನಲ್ಲಿ ಲಿಂಗಸುಗೂರು ಕಡೆಯ ಒಬ್ಬ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಇದ್ದ, ಅವನೂರು ಮುದಗಲ್ಲಿಗೆ ಹತ್ರ, ಮುದಗಲ್ ಮೊಹರಂ ಅಂದ್ರೆ ಕೇಳಿರ್ತೀರಿ. ಜಾತಿಲಿ ಕುರುಬರ ಹುಡುಗ. ದೀಪಾವಳಿಗೆ ಒಂದು ದಿನ ಜಾಸ್ತಿ ರಜೆ ಕೇಳಿದವನಲ್ಲ, ಆದ್ರೆ ಪ್ರತಿ ಮೊಹರಂಗೆ ನಾಲ್ಕು ದಿನ ಸಿಎಲ್. ರಜೆ ಚೀಟಿಲಿ ಕಾರಣ ಬರೆಯೋ ಕಡೆ "ದೇವರು ಕೂಡಿಸುವ ನಿಮಿತ್ತ" ಅಂತ ಬರೀತಿದ್ದ. ಹೊಸದಾಗಿ ಬಂದ ಸಾಹೇಬ್ರು ಕರೆದು ಕೇಳಿದ್ರು, ಯಾವ ದೇವ್ರಪ್ಪಾ, ಯಾವ ಹಬ್ಬ ಈಗ? "ಹಸನ ಹುಸೇನ್ ರೀ ಸರ್, ನಮ್ಮನ್ಯಾಗ ಮುತ್ಯಾನ ಕಾಲದಿಂದ ನಡಕೋತ ಬಂದೈತಿ" ಅಂದ. ಸಾಹೇಬ್ರು ಚೀಟಿ ಹಿಂದೆ ಮುಂದೆ ತಿರುಗಿಸಿ ನೋಡಿ ಸೈನ್ ಹಾಕಿದ್ರು. ಆ ಚೀಟಿನ ಯಾವ ಕಾಲಂಗೆ ಸೇರಿಸ್ತೀರಿ ಹೇಳಿ, ಹಿಂದೂ ರಜೆನಾ ಮುಸ್ಲಿಂ ರಜೆನಾ?

ಇನ್ನು ಚಂದ್ರನ ಲೆಕ್ಕ. ಹಿಜರಿ ವರ್ಷ ಸುಮಾರು 354 ದಿನ, ಹಾಗಾಗಿ ಈ ಹಬ್ಬಗಳು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರೀತವೆ, ಹೆಚ್ಚುಕಮ್ಮಿ 33 ವರ್ಷಕ್ಕೆ ಇಡೀ ಕ್ಯಾಲೆಂಡರ್ ಸುತ್ತಿ ಬರ್ತವೆ. 2000ನೇ ಇಸವಿಲಿ ಜನವರಿಲೂ ರಂಜಾನ್ ಹಬ್ಬ, ಡಿಸೆಂಬರಲ್ಲೂ ರಂಜಾನ್ ಹಬ್ಬ ಬಂದಿತ್ತು. 2022ರ ಮೇ 3ಕ್ಕೆ ಬಸವ ಜಯಂತಿ, ರಂಜಾನ್ ಎರಡೂ ಒಂದೇ ದಿನ ಬಿದ್ವು, ಅದೇ ವರ್ಷ ಏಪ್ರಿಲ್ 14ಕ್ಕೆ ಅಂಬೇಡ್ಕರ್ ಜಯಂತಿ, ಮಹಾವೀರ ಜಯಂತಿ ಒಟ್ಟಿಗೆ. ನೌಕರರಿಗೆ ಹೊಟ್ಟೆಯುರಿ, ಎರಡು ರಜೆ ಹೋಯ್ತಲ್ಲ ಅಂತ. ಸರ್ಕಾರಿ ಸುತ್ತೋಲೆಲಿ ಒಂದು ಟಿಪ್ಪಣಿ ಇರತ್ತೆ, ಮುಸ್ಲಿಂ ಹಬ್ಬ ಗೊತ್ತುಪಡಿಸಿದ ದಿನ ಬರದೇ ಹೋದ್ರೆ ಮುಸ್ಲಿಂ ನೌಕರರಿಗೆ ಆ ದಿನದ ಬದಲು ಹಬ್ಬದ ದಿನ ರಜೆ ಕೊಡಬಹುದು ಅಂತ. ಎಷ್ಟು ಸಣ್ಣ ಸಾಲು ನೋಡಿ. ಗೆಜೆಟ್ ನೋಟಿಫಿಕೇಷನ್ ಅಂದ್ರೆ ಸರ್ಕಾರದ ಕಡೇ ಮಾತು ಅಂತೀವಿ, ಇಲ್ಲಿ ಸರ್ಕಾರನೇ ನಾನು ಹೇಳಿದ ದಿನ ತಪ್ಪಿರಬಹುದು, ಚಂದ್ರ ಹೇಳಿದ್ದು ಸರಿ ಅಂತ ಬರೆದು ಕೊಟ್ಟಿದೆ. ಹಿಂದಿನ ಸಂಜೆ ಆರೂವರೆಯಿಂದ ಆಫೀಸಿನೋರೆಲ್ಲ ಪರಸ್ಪರ ಫೋನು, ಚಂದ್ರ ಕಂಡ್ನಾ, ಕಂಡ್ನಾ ಅಂತ, ಅದರಲ್ಲಿ ಜಾಸ್ತಿ ಫೋನ್ ಮಾಡೋರು ರಂಜಾನ್ ಮಾಡದೇ ಇರೋರೇ.

ವೋಟಿನ ಪ್ರಶ್ನೆಗೆ ಬರೋಣ. ಅದು ಜಯಂತಿಗಳ ವಿಷಯ. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ ಪ್ರವಾದಿ ಜನ್ಮದಿನಕ್ಕೆ ರಾಷ್ಟ್ರಮಟ್ಟದ ರಜೆ ಕೊಡ್ತು, ಯಾಕೆ ಆವಾಗ್ಲೇ ಅಂತ ರಾಜಕೀಯ ಗೊತ್ತಿರೋರಿಗೆ ಹೇಳ್ಬೇಕಿಲ್ಲ. ನಮ್ಮಲ್ಲಿ ಬಸವ ಜಯಂತಿ, ಅಂಬೇಡ್ಕರ್ ಜಯಂತಿ, ವಾಲ್ಮೀಕಿ ಜಯಂತಿ, ಕನಕದಾಸ ಜಯಂತಿ ಇವೆ. ಲಿಂಗಾಯತರು, ದಲಿತರು, ನಾಯಕರು, ಕುರುಬರು ಅಂತ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರ್ಕೊಂಡು ಓದೋರೂ ಇದಾರೆ, ನಾನು ಸುಳ್ಳು ಅನ್ನಲ್ಲ. ಆದ್ರೆ ಯೋಚನೆ ಮಾಡಿ, ರಜೆ ಪಟ್ಟಿಲಿ ಹೆಸರಿರೋದು ಅಂದ್ರೆ ಆ ದಿನ ಇಡೀ ರಾಜ್ಯದ ಕಚೇರಿ, ಶಾಲೆ ಬಾಗಿಲು ಹಾಕತ್ತೆ ಅಂತ. ಯಾರ ಮನೆ ಬಾಗಿಲು ಶತಮಾನಗಳ ಕಾಲ ಇವರಿಗೆ ಮುಚ್ಚಿತ್ತೋ ಅವರ ಮಕ್ಕಳ ಸ್ಕೂಲ್ ಡೈರಿಲೂ ಆ ಹೆಸರು ಬರತ್ತೆ. ಅದಕ್ಕೆ ವೋಟು ಹಾಕಿ ಕೇಳಿದ್ರೆ ತಪ್ಪೇನು? ವೋಟು ಇರೋದೇ ಕೇಳಕ್ಕೆ.

ಇದರ ಹಿಂದೆ ಸರ್ಕಾರಕ್ಕಿಂತ ಹಳೇ ಕತೆಗಳೂ ಇವೆ. ಬಸವ ಜಯಂತಿನ ಸಾರ್ವಜನಿಕವಾಗಿ ಶುರು ಮಾಡಿದ್ದು 1913ರಲ್ಲಿ, ದಾವಣಗೆರೆಲಿ, ಹರ್ಡೇಕರ್ ಮಂಜಪ್ಪನವರು. ಆವಾಗ ಕರ್ನಾಟಕ ಅನ್ನೋ ರಾಜ್ಯನೇ ಇರ್ಲಿಲ್ಲ, ರಜೆ ಎಲ್ಲಿಂದ ಬರ್ಬೇಕು. ಊರಿನ ಜನ ಸೇರಿ ಮಾಡಿದ್ದು ಆಮೇಲೆ ಪಟ್ಟಿಗೆ ಏರಿದ್ದು.

ಹಾಗಂತ ಎಲ್ಲ ಜಯಂತಿಗೂ ರಜೆ ಇಲ್ಲ, ಇದು ಬಹಳ ಜನಕ್ಕೆ ಕನ್‌ಫ್ಯೂಸ್ ಆಗತ್ತೆ. ಸರ್ಕಾರ ಆಚರಿಸೋ ಜಯಂತಿ ಪಟ್ಟಿ ಬೇರೆ, ರಜೆ ಪಟ್ಟಿ ಬೇರೆ. ಕೆಂಪೇಗೌಡ ಜಯಂತಿಗೆ ಫೋಟೋಗೆ ಹಾರ ಹಾಕ್ತೀವಿ, ಆಮೇಲೆ ಕೆಲಸ. ಅಷ್ಟೊಂದು ಜಗಳ ಎಬ್ಬಿಸಿದ ಟಿಪ್ಪು ಜಯಂತಿ 2015ರಲ್ಲಿ ಶುರುವಾಗಿ 2019ರಲ್ಲಿ ನಿಂತೋಯ್ತು, ಅದಕ್ಕೆ ರಜೆ ಯಾವತ್ತೂ ಇರ್ಲೇ ಇಲ್ಲ. ಉತ್ತರ ಪ್ರದೇಶದಲ್ಲಿ 2017ರಲ್ಲಿ ಮಹಾಪುರುಷರ ಹೆಸರಿನ 15 ರಜೆನ ಒಂದೇ ಏಟಿಗೆ ತೆಗೆದುಹಾಕಿದ್ರು. ನಮ್ಮಲ್ಲಿ ಅಷ್ಟು ಧೈರ್ಯ ಯಾರೂ ಮಾಡ್ಲಿಲ್ಲ, 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟಾಗ ಕತ್ತರಿ ಬಿದ್ದಿದ್ದು ಸಿಎಲ್‌ಗೆ, 15 ಇದ್ದಿದ್ದು 10 ಆಯ್ತು. ಜಯಂತಿ ಮುಟ್ಟೋದಕ್ಕಿಂತ ಸಿಎಲ್ ಮುಟ್ಟೋದು ಸುಲಭ, ಯಾಕಂದ್ರೆ ಸಿಎಲ್‌ಗೆ ಮಠ ಇಲ್ಲ, ಸಂಘ ಇಲ್ಲ.

ಇಷ್ಟೆಲ್ಲ ಹೆಸರು ಏರಿಸಿದ್ವಲ್ಲ, ಜಯಂತಿಗಳಲ್ಲಿ ಹೆಂಗಸು ಯಾರಿದಾರೆ ಹುಡುಕಿ. ಮಹಾವೀರ, ಅಂಬೇಡ್ಕರ್, ಬಸವಣ್ಣ, ಗಾಂಧಿ, ವಾಲ್ಮೀಕಿ, ಕನಕ. ಅಕ್ಕಮಹಾದೇವಿ ಇಲ್ಲ, ಕಿತ್ತೂರು ಚೆನ್ನಮ್ಮ ಇಲ್ಲ. ಹಬ್ಬಗಳಲ್ಲೂ ಅದೇ ಕತೆ. ಹೆಂಗಸರು ಮುಂದೆ ನಿಂತು ಮಾಡೋ ವರಮಹಾಲಕ್ಷ್ಮಿ ವ್ರತ ಪರಿಮಿತ ರಜೆ, ಅಂದ್ರೆ ಬೇಕಾದೋರು ತಗೊಳ್ಳಿ, ವರ್ಷಕ್ಕೆ ಎರಡು ಮಾತ್ರ. ಸ್ವರ್ಣಗೌರಿ ವ್ರತ ಪರಿಮಿತ ರಜೆ. ಮಾರನೇ ದಿನ ಬರೋ ಗಣೇಶಂಗೆ ರಾಜ್ಯಕ್ಕೆಲ್ಲ ರಜೆ. ಅಮ್ಮ ಮುಂಚಿನ ದಿನ ಬಂದು ಬಾಗಿನ ಕೊಟ್ಟು ಅಡಿಗೆ ಮನೆ ಸೇರ್ಕೊಂಡ್ಲು, ಮಗ ಬಂದಾಗ ಪಟಾಕಿ. ನಾನು ಸೆಕ್ಷನ್ನಲ್ಲಿದ್ದಾಗ ಗೌರಿ ಹಬ್ಬದ ದಿನ ಆರ್‌ಎಚ್ ಅರ್ಜಿ ಕಟ್ಟು ಕಟ್ಟು ಬರೋವು, ಎಲ್ಲ ಹೆಂಗಸರದ್ದೇ, ಸಾಹೇಬ್ರು ಒಂದು ಸಲ ರೇಗಿ, ಎಲ್ರಿಗೂ ಕೊಟ್ರೆ ಫೈಲ್ ಯಾರು ನೋಡ್ತಾರೆ ಅಂದ್ರು. ಹಾಗಾದ್ರೆ ಅದು ಪರಿಮಿತ ಯಾಕೆ ಸ್ವಾಮಿ, ಇಡೀ ಆಫೀಸು ಕೇಳ್ತಿರೋದು ಸಾರ್ವತ್ರಿಕನೇ ಅಲ್ವಾ ಅಂತ ನಮ್ಮ ಸೂಪರಿಂಟೆಂಡೆಂಟ್ ಅಮ್ಮ ಮೆಲ್ಲಗೆ ಕೇಳಿದ್ರು, ಉತ್ತರ ಬರ್ಲಿಲ್ಲ.

ಉತ್ತರ ಕರ್ನಾಟಕದ ನಾಗರ ಪಂಚಮಿನೂ ಸೇರಿಸ್ಕೊಳ್ಳಿ. ಅಲ್ಲಿನ ಹೆಣ್ಣುಮಕ್ಕಳಿಗೆ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ, ತವರಿಂದ ಅಣ್ಣ ಕರೆಯಕ್ಕೆ ಬರಬೇಕು, ಜೋಕಾಲಿ ಕಟ್ಟಬೇಕು, ಶೇಂಗಾ ಉಂಡಿ, ತಂಬಿಟ್ಟು, ಅಳ್ಳು. ಸಾರ್ವತ್ರಿಕ ರಜೆ ಪಟ್ಟಿಲಿ ಇಲ್ಲ. ಎಳ್ಳ ಅಮಾವಾಸ್ಯೆ ದಿನ ಕಲಬುರಗಿ ಬೀದರ್ ಕಡೆ ಹೋಗಿ ನೋಡಿ, ಊರಿಗೆ ಊರೇ ಹೊಲದಲ್ಲಿರತ್ತೆ, ಚರಗ ಚೆಲ್ಲಿ ಸಜ್ಜಿ ರೊಟ್ಟಿ ಭಜ್ಜಿ ಊಟ, ಆಫೀಸು ತೆಗೆದಿರತ್ತೆ ಒಳಗೆ ಯಾರೂ ಇರಲ್ಲ. ಕಾರ ಹುಣ್ಣಿಮೆಗೂ ಇಲ್ಲ. ರೈತರ ಹಬ್ಬ ಪಟ್ಟಿಗೆ ಬರದೇ ಇರೋದಕ್ಕೆ ಕಾರಣ ಸರಳ. ರಜೆ ಅನ್ನೋದು ಸಂಬಳದೋರ ಮಾತು, ರೈತನಿಗೆ ರಜೆ ಕೊಡೋರ್ಯಾರು.

ಕೊಡಗಿನೋರು ಮಾತ್ರ ಗೆದ್ದಿದಾರೆ. ನಮ್ಮ ಸುತ್ತೋಲೆಲಿ ಕೊಡಗು ಜಿಲ್ಲೆಗೆ ಮಾತ್ರ ಅಂತ ಮೂರು ಸ್ಥಳೀಯ ರಜೆ ಇರತ್ತೆ: ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ. ಕೈಲ್ ಮುಹೂರ್ತಕ್ಕೆ ಕೋವಿ ಪೂಜೆ, ತುಲಾ ಸಂಕ್ರಮಣಕ್ಕೆ ತಲಕಾವೇರಿಲಿ ತೀರ್ಥೋದ್ಭವ, ಹುತ್ತರಿಗೆ ಹೊಸ ಭತ್ತದ ಕದಿರು ತೆಗೆಯೋದು. ಹುತ್ತರಿಯ ದಿನ, ಕದಿರು ತೆಗೆಯೋ ಹೊತ್ತು ಎಲ್ಲ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿ ಆಗೋದು. ಆದ್ರೆ ಬೆಂಗಳೂರಲ್ಲಿ ಕೆಲಸ ಮಾಡೋ ಕೊಡವರಿಗೆ ಆ ರಜೆ ಇಲ್ಲ, ರಜೆ ಜಿಲ್ಲೆಗೆ ಕೊಟ್ಟಿರೋದು, ಜನಕ್ಕಲ್ಲ. ಹಬ್ಬ ಮಾಡೋಕೆ ಊರಿಗೆ ಹೋಗ್ಬೇಕಾದೋರು ಸಿಎಲ್ ಹಾಕ್ತಾರೆ, ಊರಲ್ಲಿರೋ ಹೊರಗಿನ ನೌಕರರು ಆರಾಮಾಗಿ ಮಲಗ್ತಾರೆ.

ತುಳುನಾಡಿನೋರ ಅದೃಷ್ಟ ಬೇರೆ ಥರ. ಅವರದ್ದು ಸೌರಮಾನ, ಅಂದ್ರೆ ಸೂರ್ಯನ ಲೆಕ್ಕದ ಪಂಚಾಂಗ, ಯುಗಾದಿ ಅಂದ್ರೆ ಬಿಸು, ಏಪ್ರಿಲ್ 14 ಅಥವಾ 15. ಬಿಸು ಹೆಸರಲ್ಲಿ ರಾಜ್ಯಕ್ಕೆಲ್ಲ ರಜೆ ಇಲ್ಲ, ಆದ್ರೆ 14 ಅಂಬೇಡ್ಕರ್ ಜಯಂತಿ, ಹಾಗಾಗಿ ಎಷ್ಟೋ ವರ್ಷ ಬಾಬಾಸಾಹೇಬರ ದಯದಿಂದ ಬಿಸು ಕಣಿ ಇಟ್ಟು ಮನೇಲಿ ಕೂರಬಹುದು. ಉಡುಪಿ ಕೃಷ್ಣನೂ ಸೌರಮಾನದೋನೇ, 2025ರಲ್ಲಿ ಎಲ್ಲರ ಜನ್ಮಾಷ್ಟಮಿ ಆಗಸ್ಟ್ 16ಕ್ಕೆ ಮುಗಿದ್ರೆ ಉಡುಪಿಲಿ ಸೆಪ್ಟೆಂಬರ್ 14ಕ್ಕೆ. ಸೆಪ್ಟೆಂಬರ್ 8ಕ್ಕೆ ಪರಿಮಿತ ರಜೆಲಿ "ಕನ್ಯಾ ಮರಿಯಮ್ಮ ಜಯಂತಿ" ಅಂತ ಬರತ್ತೆ, ಓದಿದೋರು ಯಾರಮ್ಮ ಇದು ಅಂತಾರೆ, ಮಂಗಳೂರು ಕ್ಯಾಥೊಲಿಕರ ಮೊಂತಿ ಹಬ್ಬ ಅದು. ಅವತ್ತು ಅವರೂ ಹೊಸ ಭತ್ತದ ತೆನೆ ಚರ್ಚಿಂದ ಮನೆಗೆ ತರ್ತಾರೆ, ಬಾಳೆಲೆ ಮೇಲೆ ಸಸ್ಯಾಹಾರಿ ಊಟ. ಹುತ್ತರಿ ಮಾಡೋ ಮನೆ, ಮೊಂತಿ ಮಾಡೋ ಮನೆ, ಎರಡು ಕಡೆನೂ ಕೈಲಿ ಅದೇ ತೆನೆ, ಆದ್ರೆ ಒಂದು ಜಿಲ್ಲೆಯ ಟಿಪ್ಪಣಿಲಿದೆ, ಇನ್ನೊಂದು ಪರಿಮಿತದಲ್ಲಿ.

ಬೇರೆ ದೇಶದೋರು ಹೇಗೆ ಮಾಡ್ತಾರೆ ಅಂದ್ರೆ ಸಿಂಗಾಪುರದ್ದು ಹೇಳ್ತೀನಿ, ಅವರು ಲೆಕ್ಕ ಚೊಕ್ಕ ಮಾಡಿದೋರು. 1968ರಲ್ಲಿ ರಜೆ ಜಾಸ್ತಿಯಾಯ್ತು, ದುಡೀಬೇಕು ಅಂತ ಪಟ್ಟಿ ಕತ್ತರಿಸಿದ್ರು. ತಮಿಳರ ಮುರುಗನ ಹಬ್ಬ ತೈಪೂಸಂ ಹೋಯ್ತು, ಪ್ರವಾದಿ ಜನ್ಮದಿನ ಹೋಯ್ತು, ಹಿಂದೂಗಳಿಗೆ ದೀಪಾವಳಿ ಉಳೀತು. ಈಗ ಚೀನೀ ಹೊಸ ವರ್ಷಕ್ಕೆ ಎರಡು ದಿನ, ಮುಸ್ಲಿಮರಿಗೆ ಎರಡು ಹರಿ ರಾಯ (ಈದ್), ಕ್ರೈಸ್ತರಿಗೆ ಗುಡ್ ಫ್ರೈಡೇ ಕ್ರಿಸ್ಮಸ್, ಬೌದ್ಧರಿಗೆ ವೇಸಕ್ (ಬುದ್ಧ ಪೂರ್ಣಿಮೆ), ಒಟ್ಟು 11. ನೋಡೋಕೆ ತಕ್ಕಡಿ ಹಿಡಿದು ತೂಗಿದ ಹಾಗಿದೆ. ಆದ್ರೆ ತೈಪೂಸಂ ವಾಪಸ್ ಕೊಡಿ ಅಂತ ಅಲ್ಲಿನ ತಮಿಳರು ಆಮೇಲೂ ಕೇಳ್ತಾನೇ ಬಂದಿದಾರೆ. ನಮ್ಮದು ಹಳೇ ಮನೆಗೆ ಕೋಣೆ ಸೇರಿಸಿದ ಹಾಗೆ, ಪ್ಲಾನ್ ಇಲ್ಲ, ವಾಸ್ತು ಇಲ್ಲ, ಆದ್ರೂ ನಂಗೆ ಇದೇ ವಾಸಿ ಅನ್ಸತ್ತೆ. ಬಿಡಿ, ಅದು ನನ್ನ ಅಭಿಪ್ರಾಯ.

ನವೆಂಬರ್ 1 ಒಂದು ಬಾಕಿ. 1956ರಲ್ಲಿ ರಾಜ್ಯ ಒಂದಾದ ದಿನ, 1973ರಲ್ಲಿ ಮೈಸೂರು ಹೋಗಿ ಕರ್ನಾಟಕ ಅಂತ ಹೆಸರಾದ ದಿನ. ಕೇಂದ್ರದ 14ರಲ್ಲೂ ಇಲ್ಲ, 12ರಲ್ಲೂ ಇಲ್ಲ. ಕೇರಳನೂ ಅದೇ ದಿನ ಹುಟ್ಟಿದ್ದು, ಅಲ್ಲಿ ಅದಕ್ಕೆ ರಜೆ ಇಲ್ಲ, ಅವರ ಜೀವ ಇರೋದು ಓಣಂನಲ್ಲಿ. ಬೆಳಗಾವಿಲಿ ಅದೇ ದಿನ ಒಂದು ಕಡೆ ರಾತ್ರಿವರೆಗೂ ಕನ್ನಡದ ಮೆರವಣಿಗೆ, ಇನ್ನೊಂದು ಕಡೆ ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರ್ಬೇಕು ಅನ್ನೋ ಎಂಇಎಸ್‌ನೋರ (ಮಹಾರಾಷ್ಟ್ರ ಏಕೀಕರಣ ಸಮಿತಿ) ಕರಾಳ ದಿನ, ಇಬ್ಬರಿಗೂ ರಜೆ ಒಂದೇ.

ಸರಿ, ನಿಮ್ಮ ಲಿಸ್ಟು. ನಿಮ್ಮ ಕಂಪನಿಗೆ ಅನ್ವಯ ಆಗೋದು ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಡ್ಡಾಯ, ಅದರ ಮೇಲೆ ಐದು ಹಬ್ಬದ ರಜೆ, ಒಟ್ಟು ಹತ್ತು ಕನಿಷ್ಠ. ದಿಲ್ಲಿಯವರು ನವೆಂಬರ್ 1 ಯಾಕೆ ಅಂದ್ರೆ ಕಾನೂನು ಅಂತ ಹೇಳಿ ಫೋನ್ ಇಡಿ. ರಜೆ ದಿನ ಕೆಲಸ ಮಾಡಿಸಿದ್ರೆ ಡಬಲ್ ಸಂಬಳ, ಇಲ್ಲ ಅವತ್ತಿನ ಸಂಬಳ ಕೊಟ್ಟು ಬದಲಿ ರಜೆ.

ಐದು ಹಬ್ಬಕ್ಕೆ ನಾನಾಗಿದ್ರೆ ಯುಗಾದಿ, ರಂಜಾನ್, ಗಣೇಶ ಅಥವಾ ಆಯುಧ ಪೂಜೆಲಿ ಒಂದು, ದೀಪಾವಳಿಲಿ ಒಂದು, ಕ್ರಿಸ್ಮಸ್ ಇಡ್ತೀನಿ. ನಿಮ್ಮ ಜನ ಬೇರೆ ಇದ್ರೆ ಬದಲಾಯಿಸಿ, ಆದ್ರೆ ನಿಮ್ಮ ಕ್ಯಾಬಿನ್ನಲ್ಲಿ ಕೂತು ಮಾಡಬೇಡಿ, ಪ್ರತಿ ಟೀಮಿಂದ ಒಬ್ಬರನ್ನ ಕರೆದು ಮಾಡಿ, ಕ್ಯಾಂಟೀನ್ ಮತ್ತು ಹೌಸ್‌ಕೀಪಿಂಗ್‌ನೋರನ್ನೂ ಕರೀರಿ, ಅವರನ್ನ ಯಾರೂ ಕೇಳಲ್ಲ, ಅವರದ್ದೇ ಉತ್ತರ ಬೇರೆ ಇರತ್ತೆ. ಲಿಸ್ಟ್ ಫೈನಲ್ ಮಾಡೋ ಮುಂಚೆ ಕ್ಯಾಲೆಂಡರ್ ನೋಡಿ. 2025ರಲ್ಲಿ ಗಣರಾಜ್ಯೋತ್ಸವ, ಯುಗಾದಿ, ಮೊಹರಂ, ಮಹಾಲಯ ಅಮಾವಾಸ್ಯೆ ನಾಲ್ಕೂ ಭಾನುವಾರ ಹೋದ್ವು, ಗಾಂಧಿ ಜಯಂತಿ ವಿಜಯದಶಮಿ ಒಂದೇ ದಿನ ಬಿತ್ತು. 2026ರಲ್ಲಿ ನವೆಂಬರ್ 1 ಭಾನುವಾರ.

ಆ ಹತ್ತನ್ನ ಮುಟ್ಟಬೇಡಿ, ಅದರ ಮೇಲೆ ಎರಡು ಆಪ್ಷನಲ್ ಕೊಡಿ ಅಂತ ಮ್ಯಾನೇಜ್‌ಮೆಂಟ್ ಹತ್ರ ಹಟ ಹಿಡೀರಿ. ಬಕ್ರೀದ್, ಹೋಳಿ, ಓಣಂ, ಗುಡ್ ಫ್ರೈಡೇ, ಸಂಕ್ರಾಂತಿ, ಹುತ್ತರಿ, ಪಂಚಮಿ, ಬುದ್ಧ ಪೂರ್ಣಿಮೆ, ವರಮಹಾಲಕ್ಷ್ಮಿ ಎಲ್ಲ ಅದರಲ್ಲಿ ಹಾಕಿ, ಹದಿನೈದಿಪ್ಪತ್ತು ಇದ್ರೂ ಪರವಾಗಿಲ್ಲ, ಯಾರು ಯಾವ್ದು ತಗೊಂಡ್ರು ಯಾಕೆ ತಗೊಂಡ್ರು ಅಂತ ಕೇಳಬೇಡಿ, ನಮ್ಮ ಲಿಂಗಸುಗೂರು ಹುಡುಗನಂಥವರು ನಿಮ್ಮಲ್ಲೂ ಇರ್ತಾರೆ. ಬಕ್ರೀದ್‌ಗೆ ಚಂದ್ರನ ಟಿಪ್ಪಣಿನ ಸರ್ಕಾರದ್ದೇ ಕಾಪಿ ಮಾಡಿ ಕೆಳಗೆ ಸೇರಿಸಿ, ದಿನ ಬದಲಾದ್ರೆ ರಜೆನೂ ಬದಲಾಗತ್ತೆ ಅಂತ.

ಒಂದು ಎಚ್ಚರಿಕೆ. ವರಮಹಾಲಕ್ಷ್ಮಿ ಯಾವಾಗ್ಲೂ ಶುಕ್ರವಾರನೇ ಬರೋದು, ಲಾಂಗ್ ವೀಕೆಂಡ್. ಹೋಳಿ ಕೇಳಿದ ಹುಡುಗ್ರೂ ಅವತ್ತೇ ಆಪ್ಷನಲ್ ಹಾಕಿ ಗೋಕರ್ಣಕ್ಕೆ ಬಸ್ ಬುಕ್ ಮಾಡ್ತಾರೆ, ಆಗ ಕಳಶ ಕೂರಿಸೋ ಹೆಂಗಸರಿಗೆ ರಜೆ ಇಲ್ಲ ಅನ್ನೋ ಪರಿಸ್ಥಿತಿ ಬರಬಾರದು. ಅವತ್ತು ಯಾರು ಡ್ಯೂಟಿಲಿ ಇರ್ತಾರೆ ಅಂತ ಒಂದು ತಿಂಗಳು ಮುಂಚೆನೇ ಬರೆಸ್ಕೊಂಡು ಇಟ್ಕೊಳ್ಳಿ.